ನಾಲ್ಕಕ್ಷರ

ಪೆಲೊರಸ್ ಕೊಲ್ಲಿಯಲ್ಲಿ ಟಾಮಹೌ ಮಾವ
ಹಗ್ಗ ಎಳೆದು ಹಸಿರಂಚಿನ ಚಿಪ್ಪು ಬಿಡಿಸುತ್ತಾನೆ;
ನಡುವೆ ಅಂಟಿದ ಹಳದಿ ಸ್ಪಂಜನ್ನು
ಮೊಂಡು ಚಾಕುವಿನಿಂದ ಕೆರೆದು, ಬೈದು, ನೀರಿಗೆಸೆಯುತ್ತಾನೆ.
"ಎಸೀಬೇಡ ಮಾವ" ಎಂದು
ಐಸುಪೆಟ್ಟಿಗೆ ಒಡ್ಡುತ್ತೇನೆ.
ನಗುತ್ತಾನೆ: "ನಾಲ್ಕಕ್ಷರ ಕಲಿತು ಬಾ ಅಂತ ಕಳಿಸಿದರೆ
ಕಸ ಆಯೋಕೆ ಬಂದಳು."

ಕಸವಲ್ಲ, ಕೇರಿ.
ತೂತು ತೂತಿನಲ್ಲೂ ಬಿಡಾರ ಹೂಡಿದ ಬ್ಯಾಕ್ಟೀರಿಯಾ.
ಮೀನು ಬಾಯಿ ಹಾಕದ ಹಾಗೆ
ಯಾರೋ ಒಬ್ಬರು ಒಳಗೆ ಕೂತು ವಿಷ ಅರೆಯುತ್ತಾರೆ.
ಯಾರು?
ನೆಲ್ಸನ್ನಿನ ಲ್ಯಾಬಿನಲ್ಲಿ ತಟ್ಟೆ ತಟ್ಟೆ ಬಡಿಸಿದೆ,
ಸಕ್ಕರೆ, ಉಪ್ಪು, ಕತ್ತಲೆ ಕೂಡ.
ಒಬ್ಬರೂ ಉಣ್ಣಲಿಲ್ಲ.
ತವರು ಬಿಟ್ಟು ಬದುಕದ ಜನ.

ಕೊನೆಗೆ ಎಲ್ಲರನ್ನೂ ಒಡೆದು, ಕಲಸಿ,
ಓದಲು ಕೂತೆ. ಇರುವುದೇ ನಾಲ್ಕಕ್ಷರ,
ಒತ್ತಿಲ್ಲ, ದೀರ್ಘವಿಲ್ಲ, ಪದಗಳ ನಡುವೆ ಜಾಗವಿಲ್ಲ,
ಹರಿದ ಪುಟಗಳು ಲಕ್ಷಾಂತರ.
ಹದಿನಾಲ್ಕನೆಯ ತಿಂಗಳು ಒಂದು ಸಾಲು ಕೂಡಿತು:
ಅರೆಯುವ ಕಲ್ಲಿನ ವಿಳಾಸ.
ಕತ್ತರಿಸಿ, ನಾವೇ ಸಾಕಿದ ಬೇರೊಂದು ಬ್ಯಾಕ್ಟೀರಿಯಾದ
ಒಡಲಿಗಿಟ್ಟು ಕಾದೆ. ಏಳು ಸಲ ಸುಮ್ಮನಿತ್ತು.
ಎಂಟನೆಯ ಸಲ ಪರದೆಯ ಮೇಲೆ
ಉಗುರಿನಷ್ಟು ಏರು.
ಗೆಡ್ಡೆಯ ಕೋಶಗಳಿಗೆ ಹನಿಸಿದರೆ
ಒಡೆದು ಬೆಳೆಯುವುದನ್ನು ನಿಲ್ಲಿಸಿದವು,
ಒಂದು ರಾತ್ರಿಯ ಮಟ್ಟಿಗೆ. ಔಷಧ ಅನ್ನಲಾರೆ.

ಮಾವನಿಗೆ ಹೇಳಿದೆ.
"ಹಾಗಾದರೆ ಅದು ಯಾರದು?
ಸ್ಪಂಜಿನದೋ, ಒಳಗಿನವರದೋ?"
"ಗೊತ್ತಿಲ್ಲ."
"ಕೇಳಿ ತಗೊಂಡೆಯಾ?"
ಕೈಗವಸಿನ ಬೆರಳು ಎಳೆಯುತ್ತಾ ಕೂತೆ.

ಈ ಸಲ ದೋಣಿಯಿಂದ ನೋಡಿದೆ:
ಬಂಡೆಯ ಕಡೆಯ ಕೊನೆಯ ಹಗ್ಗ
ಅವನು ಕೆರೆದೇ ಇಲ್ಲ.
ಕೇಳಿದರೆ, ಚಾಕು ಮೊಂಡು ಅಂದ.