ಕಾರಣ, ಎರಡು ಸಾಲಿನಲ್ಲಿ

ಅವೆನ್ಯೂ ರಸ್ತೆಯ ಸಂಜೆ ಕಾಲೇಜು, ಮೂರನೇ ಮಹಡಿ.
ಕರಿಹಲಗೆಯ ಮೇಲೆ ಬರೆದೆ: ಅಂತರ್ವಾದ.
ದಕಾರದ ಹೊಟ್ಟೆಯಲ್ಲಿ ಸೀಮೆಸುಣ್ಣ ಮುರಿಯಿತು.
ನಂಬಿದ್ದಕ್ಕೆ ಕಾರಣ ನಂಬಿದವರ ಒಳಗೇ ಸಿಗಬೇಕು, ಅಂದೆ,
ಕೇಳಿದಾಗ ಬಿಚ್ಚಿ ತೋರಿಸುವಂತೆ,
ಸೆರಗಿನ ಗಂಟಿನಲ್ಲಿಟ್ಟ ಚಿಲ್ಲರೆಯ ಹಾಗೆ.

ಹಿಂದಿನ ಬೆಂಚಿನಿಂದ ಗುರುಲಿಂಗ,
ಹಗಲು ಸಿಟಿ ಬಸ್ ಕಂಡಕ್ಟರು, ಇನ್ನೂ ಖಾಕಿ ಪ್ಯಾಂಟಲ್ಲೇ:
"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂದಂಗಾಯ್ತಲ್ಲ ಮೇಡಂ."
ಹೌದು, ಅದೇ.
"ಬೆನ್ನ ಮೇಲಿನ ಹುಣ್ಣಿಗೆ?"

ತರಗತಿ ನಕ್ಕಿತು. ಗಂಟೆ ಹೊಡೆಯಿತು.
ಹಾಜರಿ ಪುಸ್ತಕ ಮುಚ್ಚಿದೆ, ಉತ್ತರ ಇದ್ದವಳ ಹಾಗೆ.

ನಮ್ಮಪ್ಪ ಮೌನೇಶಾಚಾರ್
ನಗರ್ತಪೇಟೆಯ ಮಾಳಿಗೆಯಲ್ಲಿ ಐವತ್ತೊಂದು ವರ್ಷ
ಚಿನ್ನ ಒರೆಗೆ ಹಚ್ಚಿದವರು.
ಕೊನೆಕೊನೆಗೆ ಕಲ್ಲೂ ಬೇಡವಾಗಿತ್ತು.
ಬಳೆಯನ್ನೊಮ್ಮೆ ಮೇಲೆ ಹಾರಿಸಿ, ಹಿಡಿದು,
"ತಾಮ್ರ ಜಾಸ್ತಿ" ಅನ್ನುವರು. ಅಷ್ಟೆ.
ತಪ್ಪಿದ್ದನ್ನು ನಾನು ಕಂಡಿಲ್ಲ.
ಹೇಗೆ ಗೊತ್ತಪ್ಪಾ ಎಂದರೆ
ಕಣ್ಣು ಸೂರಿಗೆ ಹೋಗುತ್ತಿತ್ತು, ಬಾಯಿ ಅರ್ಧ ತೆರೆಯುತ್ತಿತ್ತು,
ಹಲ್ಲಿನ ಸಂದಿಯ ನಾರು ನಾಲಗೆಗೆ ಸಿಗದವರ ಹಾಗೆ.

ಒಮ್ಮೆ ಸಹಕಾರಿ ಬ್ಯಾಂಕಿನಿಂದ ಫಾರಂ ಬಂತು:
ತೂಕ. ಕ್ಯಾರೆಟ್. ಕಾರಣ, ಎರಡು ಸಾಲಿನಲ್ಲಿ.
ತೂಕ ತುಂಬಿದರು, ಕ್ಯಾರೆಟ್ ತುಂಬಿದರು.
ಎರಡು ಸಾಲು ರಾತ್ರಿ ಹತ್ತರವರೆಗೂ ಖಾಲಿ.
ಬೆಳಿಗ್ಗೆ ಹೋಗಿ ಹಾಗೇ ವಾಪಸು ಕೊಟ್ಟರು:
"ಆಚಾರಿಗೆ ಗೊತ್ತಿಲ್ಲ ಅಂತ ಬರಕೊಳ್ಳಿ."

ಬಳೆ ಕರಗಿಸಿದಾಗ ಅವರಂದದ್ದೇ ಸರಿಯಾಗಿತ್ತಂತೆ.
ಜವಾನ ಓಡಿಬಂದು ಹೇಳಿದ. ಅಪ್ಪ ಹಿಗ್ಗಲಿಲ್ಲ.
ಊದುಕೊಳವೆ ಕೆಳಗಿಟ್ಟು,
"ನಿಜ ಅದರ ಪಾಡಿಗೆ ನಿಜ ಕಣಪ್ಪ.
ನನ್ನ ಹತ್ರ ಏನಿತ್ತು?"

ಅಷ್ಟು ವರ್ಷದ ಮೇಲೆ, ಇವತ್ತು,
ಚಿಕ್ಕಪೇಟೆ ಮೆಟ್ರೊ ಮೆಟ್ಟಿಲು ಇಳಿಯುವಾಗ
ತರಗತಿಗೆ ಬೀಗ ಹಾಕಿದೆನೆ?
ಹಾಕಿರಲೇಬೇಕು, ಇಪ್ಪತ್ತು ವರ್ಷ ಪಳಗಿದ ಕೈ.
ಆದರೂ ಒಳಗೆಲ್ಲ ತಡಕಾಡಿದೆ,
ಕಬ್ಬಿಣದ ತಣ್ಪು, ಕಟಕ್ಕೆಂದ ಸದ್ದು, ಏನಾದರೂ.
ಏನಿಲ್ಲ. ಬೆರಳ ಸಂದಿಯಲ್ಲಿ ಬಿಳಿ ಪುಡಿ ಮಾತ್ರ.

ಜನರ ಎದುರು ಈಜುತ್ತ ಹಿಂತಿರುಗಿದೆ,
ಸೀರೆ ಅಂಗಡಿ, ಹಳೇ ಪುಸ್ತಕದ ರಾಶಿ, ಮೂರು ಮಹಡಿ.
ಬೀಗ ಬಿದ್ದಿತ್ತು.
ಎರಡು ಸಲ ಜಗ್ಗಿದೆ.

ಸರಳಿನಾಚೆ ಬೀದಿದೀಪದ ಬೆಳಕಲ್ಲಿ
ಒರೆಸದೆ ಬಿಟ್ಟ ಹಲಗೆ,
ಹೊಟ್ಟೆ ಮುಗಿಯದ ಒಂದು ದ.