ಹಾಜರಿ

ಸುತ್ತೋಲೆ ಹೊರಟದ್ದು ಆಷಾಢದ ಮೊದಲ ಶುಕ್ರವಾರ,
ಅರ್ಧ ಆಫೀಸು ಬೆಟ್ಟದ ಮೆಟ್ಟಿಲ ಮೇಲಿದ್ದಾಗ:
ಸೋಮವಾರದಿಂದ ಎಲ್ಲರೂ. ಐದೂ ದಿನ. ವಿನಾಯಿತಿ ಇಲ್ಲ.
ಟೈಪು ಮಾಡಿದ್ದು ನಾನೇ.
'ಎಲ್ಲರೂ' ಎಂಬುದಕ್ಕೆ ದಪ್ಪ ಅಕ್ಷರ ಕೊಟ್ಟದ್ದೂ ನಾನೇ.

ಯಲಿಯೂರಿನಿಂದ ಏಳೂವರೆಯ ರೈಲು.
ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಯ ಮಡ್ಡಿ ವಾಸನೆ,
ಪಟ್ಟಣದ ಸೇತುವೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊಳೆ,
ನಾಗನಹಳ್ಳಿಯಲ್ಲಿ ಸಿಗ್ನಲ್ಲಿಗೆ ನಿಂತು, ನಿಂತು,
ಹೆಬ್ಬಾಳಿನ ಗೇಟು ಮುಟ್ಟುವಾಗ ಒಂಬತ್ತು ಇಪ್ಪತ್ತೆಂಟು.
ಹೆಬ್ಬೆರಳಿಡುತ್ತೇನೆ.
ಯಂತ್ರ ಹೆಣ್ಣುದನಿಯಲ್ಲಿ ಥ್ಯಾಂಕ್ಯೂ ಅನ್ನುತ್ತದೆ.
ಇಡೀ ದಿನಕ್ಕೆ ಅದೊಂದೇ ಥ್ಯಾಂಕ್ಯೂ.

ನನ್ನ ಹಿಂದೆ ಮುನೀರಾ ತಾಜ್,
ಉದಯಗಿರಿಯಿಂದ ಎರಡು ಬಸ್ಸು ಬದಲಿಸಿ ಬಂದವಳು.
ಪ್ಲೀಸ್ ಟ್ರೈ ಅಗೇನ್.
ದುಪಟ್ಟಾಕ್ಕೆ ಒರೆಸಿ ಇಡುತ್ತಾಳೆ.
ಟ್ರೈ ಅಗೇನ್.
ಬೈತಲೆಯ ಎಣ್ಣೆ ಸವರಿ ಇಡುತ್ತಾಳೆ.
ಎಂಟನೇ ವಯಸ್ಸಿನಿಂದ ಊದುಬತ್ತಿ ಹೊಸೆದ ಬೆರಳು;
ಸಾವಿರ ಕಡ್ಡಿಗೆ ಇಷ್ಟು ಎಂದು ಹೊಸೆದೂ ಹೊಸೆದೂ
ಅದರ ಗೆರೆಗಳೆಲ್ಲ ಯಾರದೋ ದೇವರ ಮುಂದೆ
ಹೊಗೆಯಾಗಿ ಹೋಗಿವೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಸವೆದ ಬೆರಳಿಗೆ ಡಾಕ್ಟರ ಸರ್ಟಿಫಿಕೇಟು ಕೇಳಿದರು.

ಪ್ರಣೀತನ ಮನೆ ವಿಜಯನಗರ ಎರಡನೇ ಹಂತ,
ನಮ್ಮ ಟೆರೇಸಿಗೆ ಅವನ ನೀರಿನ ಟ್ಯಾಂಕು ಕಾಣುತ್ತದೆ.
ಅವನು ಬರುವುದಿಲ್ಲ.
ಭಾನುವಾರ ಸಾಹೇಬರ ಜೊತೆ ಶಟಲ್ ಆಡುತ್ತಾನೆ, ಚೆನ್ನಾಗಿ ಸೋಲುತ್ತಾನೆ.
'ಅವನ ಕೆಲಸಕ್ಕೆ ಏಕಾಗ್ರತೆ ಬೇಕಮ್ಮ,
ದಿನಾ ಒಂದು ಪಿ ಹಾಕಿಬಿಡು.'
'ಮುನೀರಾಗೂ ಹಾಕಲಾ ಸಾರ್, ಅವಳು ಬಂದೇ ಇರ್ತಾಳೆ.'
'ರೂಲ್ಸು ಅಂದ್ರೆ ರೂಲ್ಸು.'
ನನ್ನಜ್ಜಿ ಇದ್ದಿದ್ದರೆ ಬೆಣ್ಣೆ ಸುಣ್ಣ ಅಂತ ಶುರುಮಾಡೋಳು.
ಈಗ ಗಾದೆ ಯಾಕೆ, ಕಾಲಂ ಇದೆ.

ತಿಂಗಳ ಕೊನೆಗೆ ಪಟ್ಟಿ ತೆಗೆದೆ.
ದಿನವೂ ನನ್ನೆದುರು ಕೂತು ಡಬ್ಬಿ ಹಂಚಿಕೊಂಡವಳು
ಹನ್ನೊಂದು ದಿನ ಗೈರು.
ಒಂದು ದಿನವೂ ಕುರ್ಚಿ ಬಿಸಿ ಮಾಡದವನು
ಇಪ್ಪತ್ತೆರಡಕ್ಕೆ ಇಪ್ಪತ್ತೆರಡು.

ಷರಾದಲ್ಲಿ ಬರೆದೆ: ಇವಳನ್ನು ನಾನು ನೋಡಿದ್ದೇನೆ.
ಓದಿಕೊಂಡೆ. ಕಟಕಟೆಯಲ್ಲಿ ನಿಂತ ಹಾಗಿತ್ತು.
ಬುಧವಾರವಾದರೂ ಮನೆಯಿಂದಲೇ ಮಾಡುತ್ತೇನೆಂಬ
ನನ್ನದೊಂದು ಅರ್ಜಿ ಸಾಹೇಬರ ಮೇಜಿನ ಮೇಲೆ,
ಪೇಪರ್‌ವೇಟಿನ ಕೆಳಗೆ, ಇನ್ನೂ ಇತ್ತು.
ಅಳಿಸಿದೆ.

ಸಂಬಳ ಕಡಿತವಾದ ಸಂಜೆ ಅವಳು ಏನೂ ಕೇಳಲಿಲ್ಲ.
ಪತ್ರಿಕೆ ಸುತ್ತಿದ ಒಂದು ಕಟ್ಟು ಕೊಟ್ಟಳು:
'ವರಮಾಲಕ್ಷ್ಮಿಗೆ ಇಟ್ಕೊಳ್ಳಿ ಅಕ್ಕ, ನಮ್ಮಮ್ಮಿ ಹೊಸೆದಿದ್ದು.'
ರೈಲಿನ ತುಂಬ ಮಲ್ಲಿಗೆ, ಇದ್ದಿಲು.
ಪಕ್ಕದಲ್ಲಿದ್ದ ಮುದುಕಿ 'ಪೂಜೆ ಮುಗಿಸ್ಕೊಂಡ್ ಬಂದ್ಯೇನವ್ವಾ' ಅಂದಳು.
ಹೂಂ ಅಂದೆ.

ಕಟ್ಟು ಇನ್ನೂ ಬಿಚ್ಚಿಲ್ಲ.

ಬೆಳಿಗ್ಗೆ ಅವಳಿಗಿಂತ ಮುಂಚೆ ಹೋಗಿ ಬೆರಳಿಟ್ಟೆ.
ಥ್ಯಾಂಕ್ಯೂ, ಅಂದಿತು.
ಯಾತಕ್ಕೆ ಎಂದು ಕೇಳೋಣವೆಂದರೆ
ನನ್ನ ಹಿಂದೆ ಕ್ಯೂ ಇತ್ತು.