ನಾಲ್ಕನೆಯ ಕೆಟ್ಟ ದಿನ

ಫೆಬ್ರವರಿ. ವಯೋಮಿಂಗಿನ ಒಂದು ಕಣಿವೆ.
ಹಿಮದ ಮೇಲೆ ಬಿಸಿಲು ಬಿದ್ದು, ಎದ್ದು,
ಎರಡು ಪಟ್ಟಾಗಿ ಕಣ್ಣು ಚುಚ್ಚುವ ಮಧ್ಯಾಹ್ನ.
ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ
ಮೂರು ದಿನದಿಂದ ಮಿಸುಕಿಲ್ಲ.

ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಮೇಲೆ,
ಬೋಗುಣಿಗೆ ಯಾರೋ ತಟ್ಟೆ ಮುಚ್ಚಿದ ಹಾಗೆ.
ಒಳಗೆ ಅನಿಲಬಾವಿಗಳ ಉಸಿರು, ಲಾರಿಗಳ ಉಸಿರು
ಬಿಸಿಲಲ್ಲಿ ಮೆಲ್ಲಗೆ ಬೆಂದು ಓಜೋನ್ ಆಗುತ್ತದೆ.
ಹದಿನೈದು ಮೈಲಿ ಮೇಲಿದ್ದರೆ ಕಾಯುವಂಥದು,
ನೆಲಕ್ಕಿಳಿದರೆ ಎದೆಯ ಒಳಗೋಡೆಗೆ ಉಪ್ಪುಕಾಗದ.
ಹೊಗೆ ಇಲ್ಲ, ಬಣ್ಣ ಇಲ್ಲ,
ಆಕಾಶ ತೊಳೆದಿಟ್ಟ ಗಾಜಿನಂತೆ ನೀಲಿ.
ಇಷ್ಟು ಚೆಲುವಾದ ದಿನದ ಮೇಲೆ ದೂರು ಕೊಡುವುದು ಹೇಗೆ?

ನೆಲ್ಡಾ ಇಟುರ್ರಿ ಕೊಡುತ್ತಾಳೆ. ಅದು ಅವಳ ಕೆಲಸ.
ಅಜ್ಜ ಬಾಸ್ಕ್ ನಾಡಿನಿಂದ ಬಂದು
ಇದೇ ಬಯಲಲ್ಲಿ ಕುರಿ ಎಣಿಸಿದವನು;
ಮೊಮ್ಮಗಳು ಗಾಳಿ ಎಣಿಸುತ್ತಾಳೆ.
ಟ್ರೈಲರಿನ ಬಾಗಿಲ ಹಿಮ ಗೋರಿ,
ಕೊಳವೆಯ ಕೀಲು ನೋಡಿ, ಫಿಲ್ಟರ್ ಬದಲಿಸಿ,
ಮೊದಲು ಯಂತ್ರಕ್ಕೆ ಬರಿ ಸೊನ್ನೆಯನ್ನು ಕುಡಿಸುತ್ತಾಳೆ.
ಏನೂ ಇಲ್ಲದ್ದನ್ನು ಏನೂ ಇಲ್ಲ ಎನ್ನಲು ಬಾರದವನನ್ನು
ಉಳಿದದ್ದಕ್ಕೆ ನಂಬುವುದು ಹೇಗೆ?
ಆಮೇಲೆ ಊರಿನ ಗಾಳಿ.
ಪುಟ್ಟ ಪಾದರಸದ ದೀಪದ ಬೆಳಕು
ಅದರೊಳಗೆ ಹಾದು ಎಷ್ಟು ಸೋತು ಬಂತು,
ಅಷ್ಟು.

ಎಂಬತ್ತೊಂಬತ್ತು.
ನೂರು ಕೋಟಿ ಕಾಳಿನಲ್ಲಿ ಎಂಬತ್ತೊಂಬತ್ತು ಕಾಳು.
ಎಪ್ಪತ್ತು ದಾಟಬಾರದು ಎಂದಿದೆ ಕಾನೂನು.
ಅದಕ್ಕೂ ಮೊದಲು ಎಪ್ಪತ್ತೈದು ಎಂದಿತ್ತು.
ನಡುವಿನ ಐದು ಕಾಳಿಗಾಗಿ ವರ್ಷಗಟ್ಟಲೆ
ಯಾವುಯಾವುದೋ ಸಭಾಂಗಣದ ಮೈಕಿನ ಮುಂದೆ
ಜನ ನಿಂತು ಕೆಮ್ಮಿದ್ದರು.
ಕೆಮ್ಮನ್ನು ಬರೆದುಕೊಳ್ಳಲು ಟೈಪಿಸ್ಟಿಗೆ ಅಕ್ಷರ ಸಿಗಲಿಲ್ಲ.

ಇನ್ನು ಲೆಕ್ಕದ ಪದ್ಧತಿ, ಕೇಳಿ:
ಎಂಟು ಗಂಟೆಯ ಸರಾಸರಿ ತೆಗೆಯಿರಿ.
ವರ್ಷದ ದಿನಗಳನ್ನೆಲ್ಲ
ಕೆಟ್ಟದ್ದು ಮುಂದೆ ಬರುವಂತೆ ಸಾಲು ನಿಲ್ಲಿಸಿ.
ಮೊದಲನೆಯದನ್ನು ಬಿಡಿ. ಎರಡನೆಯದನ್ನು ಬಿಡಿ.
ಮೂರನೆಯದನ್ನೂ.
ನಾಲ್ಕನೆಯದರ ಕೈ ಹಿಡಿದು ಈಚೆಗೆ ಕರೆಯಿರಿ.
ಹೀಗೆ ಮೂರು ವರ್ಷ ಕೂಡಿಸಿ, ಮೂರರಿಂದ ಭಾಗಿಸಿ,
ದಶಾಂಶ ಉಳಿದರೆ ಕತ್ತರಿಸಿ ಎಸೆಯಿರಿ.
ಎಪ್ಪತ್ತಕ್ಕೆ ನಿಂತರೆ ಊರು ಪಾಸು.

ತಪ್ಪೇನಿಲ್ಲ, ನೆಲ್ಡಾಗೆ ಗೊತ್ತು.
ಒಂದು ಹುಚ್ಚು ದಿನಕ್ಕಾಗಿ ಇಡೀ ಊರನ್ನು ದಂಡಿಸಬಾರದು.
ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು,
ಎಳೆಯುವ ಕೈ ನಡುಗಿದರೂ.
ಯಂತ್ರ ಬರುವ ಮುಂಚಿನ ಚಳಿಗಾಲಗಳು ಅವಳಿಗೆ ನೆನಪಿವೆ,
ಆಗ ಕಟ್ಟಿದ ಎದೆಗೆಲ್ಲ ಒಂದೇ ಹೆಸರು: ಥಂಡಿ.

ಆದರೆ ವೇಲನ್?
ಐದನೆಯ ತರಗತಿ. ಅಪ್ಪ ಅದೇ ಬಾವಿಗಳಿಗೆ ಲಾರಿ ಓಡಿಸುತ್ತಾನೆ,
ಆ ಸಂಬಳದಲ್ಲೇ ಮಗನ ಇನ್ಹೇಲರು.
ಹೋದ ಮಾರ್ಚಿನಲ್ಲಿ ದಿಬ್ಬ ಹತ್ತುತ್ತ
ಸ್ಲೆಡ್ಡಿನ ಹಗ್ಗ ಕೈಯಲ್ಲಿ ಹಿಡಿದೇ ಕುಸಿದು ಕೂತ.
ಆಸ್ಪತ್ರೆಗೆ ಎಪ್ಪತ್ತು ಮೈಲಿ. ಅಲ್ಲೂ ಎಪ್ಪತ್ತೇ.
ಆಮೇಲೆ ಕಡತ ತೆಗೆದು ನೋಡಿದಳು ನೆಲ್ಡಾ:
ಅದು ಆ ವರ್ಷದ ಎರಡನೆಯ ಕೆಟ್ಟ ದಿನ.

ಚಿಕ್ಕವರು ಹಟ ಹಿಡಿದಾಗ ಸೇರಿಸಿಕೊಂಡು
ದೊಡ್ಡವರ ಕಿವಿಯಲ್ಲಿ ಹೇಳುವುದಿಲ್ಲವೇ ನಾವು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇವತ್ತು ಶಾಲೆಗೆ ಫೋನು ಮಾಡಿದಳು.
ಮಕ್ಕಳನ್ನು ಹೊರಗೆ ಬಿಡಬೇಡಿ.
ಈ ಬಿಸಿಲಲ್ಲಾ? ಎಂದಿತು ಆಚೆಯ ದನಿ.
ಈ ಬಿಸಿಲಲ್ಲೇ, ಎಂದಳು.
ದಿನಚರಿಯ ಷರಾ ಕಾಲಮಿನಲ್ಲಿ ಬರೆದಳು:
ಗಾಳಿ ಇಲ್ಲ. ಹಿಮ ಹದಿನಾಲ್ಕು ಅಂಗುಲ. ಫಿಲ್ಟರ್ ಹೊಸದು.
ಪೆನ್ನು ಒಂದು ಗಳಿಗೆ ತಡೆದು,
ವೇಲನ್ ಒಳಗಿದ್ದಾನೆ.
ಈ ಸಾಲನ್ನು ಮೇಲಿನವರು ಓದುವುದಿಲ್ಲ.

ಐದನೆಯ ದಿನ ಬೇಲಿಯ ಚೀಲ ಪಟಪಟ ಬಡಿದುಕೊಂಡಿತು.
ತಟ್ಟೆ ಸರಿಯಿತು. ಅಂಕಿ ಇಳಿಯಿತು:
ಅರವತ್ತು, ಐವತ್ತು, ನಲವತ್ತೆರಡು.
ದಿಬ್ಬದ ತುಂಬ ಮಕ್ಕಳ ಕೂಗು.
ನೆಲ್ಡಾ ಬಾಗಿಲಲ್ಲಿ ನಿಂತು
ಗಾಳಿ ಹೋದ ದಿಕ್ಕನ್ನು ನೋಡಿದಳು.

ಆಚೆ ಕಣಿವೆಯಲ್ಲಿ ಯಂತ್ರವಿಲ್ಲ.